ಪ್ಲಗ್ಗು ಮುಟ್ಟದ ಕ್ಯಾಮೆರಾ ಶೂರ

ಮನೆಮನೆಗೆ ಕ್ಯಾಮೆರಾ ಕೂರಿಸುವ ಆ ಮನುಷ್ಯ ತನ್ನ ಆಯುಷ್ಯದಲ್ಲಿ ಒಂದೇ ಒಂದು ಪ್ಲಗ್ಗನ್ನೂ ಕೈಯಾರೆ ಗೋಡೆಗೆ ಚುಚ್ಚಿದವನಲ್ಲ ಎಂದು ಆ ಬಡಾವಣೆಯ ಜನ ದನಿ ತಗ್ಗಿಸಿ ಹೇಳುತ್ತಿದ್ದರು. ಏಣಿ ಹತ್ತುತ್ತಾನೆ, ಬ್ಯಾಟರಿ ಡ್ರಿಲ್ಲಿನಿಂದ ಗೋಡೆ ಕೊರೆಯುತ್ತಾನೆ, ಹಲ್ಲಿಯೂ ಹೋಗಲು ಹಿಂಜರಿಯುವ ಸಂದಿಯಲ್ಲಿ ಕೇಬಲ್ ನುಗ್ಗಿಸುತ್ತಾನೆ. ಎಲ್ಲ ಕೇಬಲ್ಲುಗಳೂ ಬಂದು ಸೇರುವ ಪೆಟ್ಟಿಗೆಯ ಪ್ಲಗ್ಗೊಂದು ಉಳಿಯುತ್ತಲೇ ಎರಡು ಹೆಜ್ಜೆ ಹಿಂದೆ ಸರಿದು, ಕೈಕಟ್ಟಿ ನಿಂತು, ಮೆಲ್ಲಗೆ ಕೇಳುತ್ತಾನೆ: "ಮನೇಲಿ ಹಿರಿಯರು ಯಾರು? ಇದೊಂದು ಅವರ ಕೈಯಿಂದ ಆಗ್ಲಿ."

ಈ ಒಂದು ಮಾತಿನಿಂದ ನಡೆದ ಪವಾಡಗಳು ಒಂದೆರಡಲ್ಲ. ಹಾಸಿಗೆ ಬಿಟ್ಟು ಏಳಲೊಲ್ಲದ ಅಜ್ಜಿಯೊಬ್ಬರು "ಯಾರೂ ಮುಟ್ಟಬೇಡಿ, ನಾನೇ ಹಾಕ್ತೀನಿ" ಎಂದು ಎದ್ದು ಕೂತು, ಸೊಸೆಯ ಹೆಗಲು ಹಿಡಿದು ಬಂದು ಪ್ಲಗ್ ಚುಚ್ಚಿ, ಅಂದಿನಿಂದ ಮನೆಯ ಸಕಲ ಸ್ವಿಚ್ಚುಗಳ ಯಜಮಾನಿಕೆ ತಮ್ಮದೆಂದು ಸಾರಿದರು. ಇನ್ನೊಂದು ಮನೆಯಲ್ಲಿ ಅವಳಿ ಅಕ್ಕತಂಗಿಯರು. ಇಬ್ಬರಿಗೂ ಎಪ್ಪತ್ತು ದಾಟಿದೆ. ಯಾರು ಮೊದಲು ಹುಟ್ಟಿದ್ದು ಎಂಬ, ಎಂದೋ ಮುಚ್ಚಿಹೋಗಿದ್ದ ವ್ಯಾಜ್ಯವನ್ನು ಮತ್ತೆ ತೆರೆದರು. ಒಬ್ಬರು ಪ್ಲಗ್ ಹಿಡಿದರು, ಇನ್ನೊಬ್ಬರು ಸಾಕೆಟ್ಟಿಗೆ ಬೆನ್ನು ಕೊಟ್ಟು ನಿಂತರು. ಆ ಮನೆಯ ಕ್ಯಾಮೆರಾ ರಾಜಿಯಾಗುವವರೆಗೂ ಕುರುಡಾಗಿಯೇ ಇತ್ತು.

ಇದರ ಗುಟ್ಟೇನು ಎಂಬುದರ ಬಗ್ಗೆ ಬೀದಿಯಲ್ಲಿ ಒಮ್ಮತವಿರಲಿಲ್ಲ. ಅವನು ತನ್ನ ಗುರುವಿಗೆ ಮಾತು ಕೊಟ್ಟಿದ್ದಾನೆ ಎಂದು ದರ್ಜಿ. ಅವನ ಮೈಯಲ್ಲೇ ಎಷ್ಟು ಕರೆಂಟಿದೆ ಎಂದರೆ ಪ್ಲಗ್ ಮುಟ್ಟಿದರೆ ಇಡೀ ಮನೆಯ ಫ್ಯೂಸು ಹಾರುತ್ತದೆ ಎಂದು ಕ್ಷೌರಿಕ. ತಲೆ ಮುಟ್ಟಿ ನೋಡಿದವನ ಮಾತಾದ್ದರಿಂದ ಅದಕ್ಕೂ ಬೆಲೆಯಿತ್ತು. ನಿವೃತ್ತ ಗಣಿತದ ಮೇಷ್ಟ್ರಂತೂ "ಸಂಸ್ಕಾರ ಅಂದ್ರೆ ಇದು ಕಣ್ರೀ! ಹಿರಿಯರನ್ನ ಇವತ್ತು ಯಾರು ಕೇಳ್ತಾರೆ?" ಎಂದು ಶುರುಮಾಡಿದರೆ ಕೇಳುತ್ತಿದ್ದವರು ಒಬ್ಬೊಬ್ಬರಾಗಿ ಕಾಲಿಗೆ ಬುದ್ಧಿ ಹೇಳುವವರೆಗೂ ನಿಲ್ಲಿಸುತ್ತಿರಲಿಲ್ಲ. ಹೀಗೆ ಅವನ ನಿಜವಾದ ಹೆಸರು ಎಲ್ಲರಿಗೂ ಮರೆತುಹೋಗಿ, 'ಉದ್ಘಾಟನೆ' ಎಂಬ ಅಡ್ಡಹೆಸರೇ ಗಟ್ಟಿಯಾಯಿತು. "ಉದ್ಘಾಟನೆಯವರನ್ನ ಕರೀರಿ, ಹಿತ್ತಲ ಕ್ಯಾಮೆರಾ ಕೈಕೊಟ್ಟಿದೆ" ಎನ್ನುತ್ತಿದ್ದರು.

ನಿಜ ಸಂಗತಿ ಒಬ್ಬಳಿಗೆ ಮಾತ್ರ ಗೊತ್ತಿತ್ತು, ಅವನ ಹೆಂಡತಿಗೆ. ಉದ್ಘಾಟನೆಗೆ ಕರೆಂಟ್ ಕಂಡರೆ ಜೀವ ಬಾಯಿಗೆ ಬರುತ್ತದೆ. ಎಳೆಯ ವಯಸ್ಸಿನಲ್ಲಿ ಒಂದು ಇಸ್ತ್ರಿ ಪೆಟ್ಟಿಗೆ ಅವನನ್ನು ಹಿಡಿದು ಜಾಡಿಸಿ, ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಎಸೆದಿತ್ತು. ಅಂದಿನಿಂದ ಗೋಡೆಯ ಮೇಲಿನ ಸಾಕೆಟ್ಟಿನ ಮೂರು ತೂತುಗಳು ಅವನಿಗೆ ಎರಡು ಕಣ್ಣು, ಒಂದು ಬಾಯಿಯಂತೆ ಕಾಣತೊಡಗಿದವು. ಅವನ ಡ್ರಿಲ್ಲಿನ ಬ್ಯಾಟರಿಯನ್ನು ಚಾರ್ಜಿಗೆ ಹಾಕುವವಳು ಹೆಂಡತಿ. ಅವಳು ತಂಗಿಯ ಮನೆಗೆ ಹೋದ ವಾರ ಅವನು ಕೈಯಿಂದ ತಿರುಗಿಸುವ ಬೈರಿಗೆಯಲ್ಲಿ ಗೋಡೆ ಕೊರೆದು, ತೋಳು ಊದಿಸಿಕೊಂಡು ಕೂತಿದ್ದ.

ಇಂಥವನು ಈ ಕಸುಬಿಗೆ ಬಂದದ್ದಾದರೂ ಹೇಗೆ? ಮೊದಲು ಅವನು ಟೆಲಿಫೋನಿನ ತಂತಿ ಎಳೆಯುತ್ತಿದ್ದ. ಟೆಲಿಫೋನಿನ ತಂತಿ ಸಾಧು ಪ್ರಾಣಿ. ಹೆಚ್ಚೆಂದರೆ ಗಂಟೆ ಬಾರಿಸುವಾಗ ಬೆರಳಿಗೆ ಕಚಗುಳಿ ಇಡುತ್ತದೆ. ಮನೆಗಳಲ್ಲಿ ಆ ಫೋನುಗಳೆಲ್ಲ ಧೂಳು ತಿನ್ನುತ್ತಾ ಕೂತಾಗ ಅವನು ಇಂಟರ್ನೆಟ್ಟಿನ ಕೇಬಲ್ಲಿಗೆ ಹೊರಳಿದ. ಅಲ್ಲಿ ಅವನಿಗೆ ಜ್ಞಾನೋದಯವಾಯಿತು. ಆ ಕೇಬಲ್ಲಿನ ಒಳಗಿನ ಎಂಟು ಸಣ್ಣ ತಂತಿಗಳಲ್ಲೇ ಕ್ಯಾಮೆರಾದ ಚಿತ್ರವೂ ಬರುತ್ತದೆ, ಕ್ಯಾಮೆರಾಕ್ಕೆ ಬೇಕಾದ ಕರೆಂಟೂ ಹೋಗುತ್ತದೆ! ಕ್ಯಾಮೆರಾದ ಪಕ್ಕದಲ್ಲೊಂದು ಸಾಕೆಟ್ಟು, ಅದಕ್ಕೊಂದು ಅಡಾಪ್ಟರು ಎಂಬ ರಗಳೆಯೇ ಇಲ್ಲ. ಅದೂ ಎಂಥ ಕರೆಂಟು? ಮೈಮೇಲೆ ಎರಗದಂಥದ್ದು. ಅದಕ್ಕಿಂತ ಹೆಚ್ಚಾಗಿ ಮರ್ಯಾದಸ್ಥ. ಕೇಬಲ್ಲುಗಳು ಬಂದು ಸೇರುವ ಪೆಟ್ಟಿಗೆಯು ಆ ತುದಿಯಲ್ಲಿ ಇರುವವರನ್ನು ಮೊದಲು ವಿಚಾರಿಸುತ್ತದೆ: ನೀನು ಕರೆಂಟ್ ತೆಗೆದುಕೊಳ್ಳುವ ಪೈಕಿಯೋ? ಹೌದೆಂಬ ಉತ್ತರ ಬಂದರೆ ಮಾತ್ರ ಬಡಿಸುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ.

"ಇಸ್ತ್ರಿ ಪೆಟ್ಟಿಗೆ ನನ್ನನ್ನ ಕೇಳಿತ್ತಾ?" ಎಂದು ಅವನು ಅಂದು ಹೆಂಡತಿಯ ಮುಂದೆ ಗದ್ಗದಿತನಾದ. "ಇದು ಕೇಳತ್ತೆ ಕಣೇ. ಕೇಳಿ ಕೊಡತ್ತೆ."

"ಹಾಗಾದ್ರೆ ಇದನ್ನೇ ಕಟ್ಕೋಬೇಕಿತ್ತು" ಎಂದಳು ಅವಳು.

ಒಂದೇ ಒಂದು ತೊಡಕು ಉಳಿಯಿತು. ಆ ಮರ್ಯಾದಸ್ಥ ಪೆಟ್ಟಿಗೆಗೂ ಊಟ ಬೇಕಲ್ಲ. ಅದರ ಹಿಂಬದಿಯಿಂದ ಹೊರಟ ಕರಿಯ ಬಾಲವೊಂದನ್ನು ಗೋಡೆಯ ಮೂರು ತೂತಿಗೇ ಹಾಕಬೇಕು. ಮನೆಗೊಂದೇ ಪ್ಲಗ್. ಆ ಒಂದನ್ನು ದಾಟಲು ಹುಟ್ಟಿದ್ದೇ "ಹಿರಿಯರ ಕೈಯಿಂದ ಆಗ್ಲಿ."

ಇಷ್ಟು ಸಾಲದೆಂಬಂತೆ ಅವನಿಗೆ ದೊರೆತ ಮಾವ, ಅಂದರೆ ಹೆಂಡತಿಯ ತಂದೆ, ನಿವೃತ್ತ ಲೈನ್‌ಮನ್. ಗಾಳಿಮಳೆಯಲ್ಲಿ ಕಂಬ ಹತ್ತಿ ಊರಿಗೆ ಬೆಳಕು ತಂದ ಆಸಾಮಿ. ನಿವೃತ್ತಿಯ ನಂತರ ಮನೆಯ ಮುಂಭಾಗದಲ್ಲೇ ಬಲ್ಬು, ಸ್ವಿಚ್ಚು, ವೈರುಗಳ ಅಂಗಡಿ ಇಟ್ಟಿದ್ದರು. ಈಗ ಕಣ್ಣಿನ ಆಪರೇಷನ್ ಆಗಿ, ಕಪ್ಪು ಕನ್ನಡಕ ಏರಿಸಿ ಕೂತಿದ್ದರು. ಅಂಗಡಿ ನೋಡಿಕೊಳ್ಳಲು ಇಬ್ಬರು ಅಳಿಯಂದಿರಲ್ಲಿ ಒಬ್ಬರು ಬೇಕಿತ್ತು.

ಉದ್ಘಾಟನೆಗೆ ಆ ಅಂಗಡಿಯ ಮೇಲೆ ಪ್ರಾಣ. ಮದುವೆಯಾದಂದಿನಿಂದ ಅವನ ಕೇಬಲ್ ಸುರುಳಿಗಳು ಮಂಚದ ಕೆಳಗೆ, ಕ್ಯಾಮೆರಾಗಳು ಬಟ್ಟೆಯ ಬೀರುವಿನಲ್ಲಿ, ಮೊಳೆಗಳು ಸಕ್ಕರೆ ಡಬ್ಬದ ಪಕ್ಕದ ಡಬ್ಬದಲ್ಲಿ ಸಂಸಾರ ಹೂಡಿದ್ದವು. ಒಮ್ಮೆ ಕಾಫಿ ಕಲಕಿದಾಗ ಠಣ್ ಎಂದಿತು. ಅಂದೇ ಹೆಂಡತಿ ಹೇಳಿದ್ದಳು: "ಈ ಮನೇಲಿ ಒಂದೋ ನಿಮ್ಮ ವೈರು ಇರ್ಬೇಕು, ಇಲ್ಲಾ ನಾನಿರ್ಬೇಕು. ಯೋಚ್ನೆ ಮಾಡಿ ಹೇಳಿ." ಅವನು ಯೋಚನೆ ಮಾಡಲು ತೆಗೆದುಕೊಂಡ ಹೊತ್ತು ಅವಳಿಗೆ ಇನ್ನೂ ಮರೆತಿಲ್ಲ.

ಎದುರಾಳಿ ಅವನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಕಾರು ಮಾರುವ ಕೆಲಸ, ನಗುವಾಗ ಹಲ್ಲು ಹೆಚ್ಚು. ಅಂಗಡಿ ಕೈಗೆ ಬಂದರೆ ಬಲ್ಬುಗಳನ್ನೆಲ್ಲ ಗುಡಿಸಿ ಹಾಕಿ, ಕನ್ನಡಿ ಹೊಡೆಸಿ ಜಿಮ್ ಮಾಡುವ ಕನಸು ಅವನದು.

ಒಂದು ಭಾನುವಾರ ಊಟವಾದ ಮೇಲೆ ಮಾವ ತೀರ್ಪಿತ್ತರು.

"ನನ್ನ ಕಣ್ಣು ಮಂಜು. ಅಂಗಡಿಗೆ ಯಾರು ಬಂದ್ರು, ಹಿತ್ತಿಲಿಗೆ ಯಾರು ಬಂದ್ರು ತಿಳಿಯಲ್ಲ. ಹಿರಿ ಅಳಿಯಂದ್ರೇ, ನಂಗೆ ಆರು ಕಣ್ಣು ಹಾಕ್ಕೊಡಿ. ಕೂತಲ್ಲೇ ಟೀವೀಲಿ ನೋಡೋ ಹಾಗಿರ್ಬೇಕು. ಆರೂ ಕಣ್ಣು ಹಗಲೂ ರಾತ್ರಿ ತೆರೆದಿದ್ರೆ ಅಂಗಡಿ ಬೀಗದ ಕೈ ನಿಮ್ದು. ಒಂದು ಮುಚ್ಚಿದ್ರೂ ಕಿರಿಯವರದು."

"ವೈರ್‌ಲೆಸ್ ಹಾಕ್ಸಿ ಮಾವ, ವೈರೇ ಬೇಡ" ಎಂದ ಷಡ್ಡಕ.

"ವೈರ್‌ಲೆಸ್ಸಿಗೂ ಬಾಲ ಇರತ್ತೆ ತಮ್ಮಾ. ಒಂದೊಂದಕ್ಕೂ ಒಂದೊಂದು ಪ್ಲಗ್ ಬೇಕು" ಎಂದ ಉದ್ಘಾಟನೆ. ಆರು ಪ್ಲಗ್ಗುಗಳನ್ನು ನೆನೆದೇ ಅವನ ಬೆನ್ನಲ್ಲಿ ಬೆವರಿಳಿದಿತ್ತು.

ಮಾರನೆಯ ದಿನ ಅವನು ಸಾಮಾನು ತರಲು ಪೇಟೆಗೆ ಹೋದ. ಅಲ್ಲೇ ಎಡವಿದ್ದು. ಅಂಗಡಿಯವನು ಎರಡು ಪೆಟ್ಟಿಗೆ ಮುಂದಿಟ್ಟ: ಒಂದು ಚಿಕ್ಕದು, ಒಂದು ದೊಡ್ಡದು. ಎರಡಕ್ಕೂ ಬೇಕಾದಷ್ಟು ಕೇಬಲ್ ಚುಚ್ಚಬಹುದು. ಆದರೆ ದೊಡ್ಡದರ ಬೆನ್ನ ಮೇಲೆ ಬರೆದ ವ್ಯಾಟು ಚಿಕ್ಕದರ ಮೂರರಷ್ಟು. ಬೇರೆ ಯಾರಾದರೂ ಆಗಿದ್ದರೆ ಕ್ಯಾಮೆರಾಗಳ ಹಸಿವು ಲೆಕ್ಕ ಹಾಕುತ್ತಿದ್ದರು. ಉದ್ಘಾಟನೆ ಆ ದೊಡ್ಡ ಅಂಕಿಯನ್ನು ನೋಡಿದ. ಅದರೊಳಗಿಂದ ಹಳೆಯ ಇಸ್ತ್ರಿ ಪೆಟ್ಟಿಗೆ ಹಲ್ಲು ಕಿರಿಯಿತು. ಕೈ ತಾನಾಗಿ ಚಿಕ್ಕದರ ಕಡೆ ಹೋಯಿತು. "ಇದೇ ಸಾಕು. ಪಾಪದ್ದು" ಎಂದ.

ಆರು ಕ್ಯಾಮೆರಾ ಮೇಲೇರಿದವು: ಅಂಗಡಿಗೆ ಎರಡು, ಬಾಗಿಲಿಗೆ ಒಂದು, ಓಣಿಗೆ ಒಂದು, ಹಿತ್ತಿಲಿಗೆ ಎರಡು. ಕೇಬಲ್ಲುಗಳು ಸೂರಿನಂಚಿನಲ್ಲಿ ಬಾಚಿದ ಕೂದಲಿನಂತೆ ಸಾಲಾಗಿ ಬಂದವು. ಕೊನೆಯಲ್ಲಿ ಅವನು ಎಂದಿನಂತೆ ಹಿಂದೆ ಸರಿದು ಕೈಕಟ್ಟಿದ. ಮಾವ ತಡವರಿಸುತ್ತಾ ಪ್ಲಗ್ ಚುಚ್ಚಿದರು. ಅದು ಅವರ ಕಾಲದ ಸಾಕೆಟ್ಟು. ಅದಕ್ಕೆ ಸ್ವಿಚ್ಚೆಂಬುದೇ ಇಲ್ಲ, ಹಗಲಿರುಳೂ ಎಚ್ಚರ. ಪ್ಲಗ್ ಒಳಹೋಗುವಾಗ ನೀಲಿ ಕಿಡಿಯೊಂದು ಚಟ್ ಎಂದಿತು. ಉದ್ಘಾಟನೆ ಆಗಲೇ ಹೊಸ್ತಿಲಾಚೆ ಇದ್ದ. ಟೀವಿಯಲ್ಲಿ ಆರು ಚಿತ್ರ ಅರಳಿದವು. ಹಿತ್ತಲಲ್ಲಿ ಒಣಹಾಕಿದ ಬಟ್ಟೆಯ ಮೇಲೆ ಕೂತ ನೊಣವೂ ಕಂಡಿತು ಎಂದು ಅತ್ತೆ ಸಾಕ್ಷಿ ನುಡಿದರು. ಉದ್ಘಾಟನೆಯ ಕಾಲು ನೆಲಕ್ಕೆ ತಾಗಲಿಲ್ಲ.

ತಾಗಿದ್ದು ಸಂಜೆಗೆ.

ಆ ಬೀದಿಯಲ್ಲಿ ದಿನವೂ ದೀಪ ಹಾಕುವುದಕ್ಕೆ ಸ್ವಲ್ಪ ಮುಂಚೆ ಕರೆಂಟು ಒಮ್ಮೆ ಹೋಗಿ ಬರುತ್ತದೆ. ಎಲ್ಲೋ ಒಂದು ಲೈನಿನಿಂದ ಇನ್ನೊಂದಕ್ಕೆ ಹೊರಳಿಸುತ್ತಾರೆ, ಅಷ್ಟೆ. ಜನಕ್ಕೆ ಅದು ಆಕಳಿಕೆಯಷ್ಟು ರೂಢಿ. ಯಾರೂ ತಲೆಯೆತ್ತಿ ನೋಡುವುದಿಲ್ಲ. ಅಂದೂ ಹೋಯಿತು, ಬಂತು, ಕ್ಯಾಮೆರಾಗಳೂ ಎದ್ದವು. ಆದರೆ ಕತ್ತಲು ಕವಿಯುತ್ತಿದ್ದಂತೆ ಹಿತ್ತಿಲಿನ ಚಿತ್ರ ಫಕ್ಕನೆ ಮಾಯವಾಯಿತು. ಆಮೇಲೆ ಓಣಿ. ಆಮೇಲೆ ಬಾಗಿಲು.

"ಅಳಿಯಂದ್ರೇ" ಎಂದರು ಮಾವ ಶಾಂತವಾಗಿ, "ನಿಮ್ಮ ಕ್ಯಾಮೆರಾಗಳಿಗೆ ಇರುಳುಗಣ್ಣು. ಕಳ್ಳ ಡ್ಯೂಟಿಗೆ ಹೊರಡೋ ಹೊತ್ತಿಗೆ ಇವು ಮಲಗ್ತಿವೆ."

ಷಡ್ಡಕನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. "ಅಣ್ಣಾ, ಪರ್ವಾಗಿಲ್ಲ ಬಿಡಿ. ಹಗಲು ಹೊತ್ತು ಚೆನ್ನಾಗೇ ಬರ್ತಿತ್ತು" ಎಂದು ಸಮಾಧಾನ ಹೇಳುತ್ತಾ ಅಳತೆಯ ಟೇಪು ತೆಗೆದು ಗೋಡೆಯಿಂದ ಗೋಡೆಗೆ ಕನ್ನಡಿಯ ಅಗಲ ನೋಡಿದ.

ಮರುದಿನ ಬೆಳಿಗ್ಗೆ ಆರೂ ಕಣ್ಣು ಮಿಣಮಿಣ ತೆರೆದಿದ್ದವು. ಉದ್ಘಾಟನೆ ಒಂದೊಂದು ಕೇಬಲ್ಲನ್ನೂ ತಡವಿ ನೋಡಿದ. ತಪ್ಪಿಲ್ಲ. ಹಗಲಲ್ಲಿ ಸರಿ, ಕತ್ತಲಲ್ಲಿ ಕೆಡುಕು. ಹಾಗಾದರೆ ಹಗಲಲ್ಲೇ ಕತ್ತಲು ಮಾಡಬೇಕು. ಅವನು ಅತ್ತೆಯ ಪಾತ್ರೆಗಳನ್ನು ಬೇಡಿ ತಂದು ಕ್ಯಾಮೆರಾಗಳಿಗೆ ಒಂದೊಂದಾಗಿ ಟೋಪಿಯಂತೆ ತೊಡಿಸಿದ. ಬೀದಿಯ ಜನ ಕತ್ತೆತ್ತಿ ನಿಂತರು. ಮೊದಲ ಪಾತ್ರೆ, ಏನೂ ಆಗಲಿಲ್ಲ. ಎರಡನೆಯದು, ಮೂರನೆಯದು, ಏನೂ ಇಲ್ಲ. ನಾಲ್ಕನೆಯದನ್ನು ಮುಚ್ಚುತ್ತಲೇ ಟೀವಿಯ ಮುಂದಿದ್ದ ಅತ್ತೆ ಕೂಗಿದರು: "ಹೋಯ್ತು! ಹಿತ್ತಿಲು ಹೋಯ್ತು!"

ಅವನು ಏಣಿಯ ಮೇಲೇ ಕೂತುಬಿಟ್ಟ. ಕತ್ತಲಾದಾಗ ಪ್ರತಿ ಕ್ಯಾಮೆರಾವೂ ನಮ್ಮ ಕಣ್ಣಿಗೆ ಕಾಣದ ತನ್ನದೇ ದೀಪಗಳನ್ನು ಹೊತ್ತಿಸಿಕೊಳ್ಳುತ್ತದೆ. ಆಗ ಅದರ ಹಸಿವು ಇಮ್ಮಡಿ. ಪಾಪದ ಪೆಟ್ಟಿಗೆ ಎಲ್ಲಿಂದ ಕೊಟ್ಟೀತು?

ಅತ್ತೆಗೆ ವಿವರಿಸಿದಾಗ ಅವರು ಕ್ಷಣದಲ್ಲಿ ಹಿಡಿದರು. "ಅಂದ್ರೆ, ಮೂರು ಜನಕ್ಕೆ ಅಡುಗೆ ಮಾಡಿ ಆರು ಜನಾನ ರಾತ್ರಿ ಊಟಕ್ಕೆ ಕರೆದಿದೀರಿ. ದೊಡ್ಡ ಪಾತ್ರೆ ಇರ್ಲಿಲ್ವೇ ಅಂಗಡೀಲಿ?"

"ಇತ್ತು ಅತ್ತೆ."

"ಮತ್ತೆ?"

ಅವನು ಪಾತ್ರೆಗಳನ್ನು ಒಂದರೊಳಗೊಂದು ಜೋಡಿಸತೊಡಗಿದ. ಅತ್ತೆ ಅವನನ್ನೊಮ್ಮೆ, ಸಾಕೆಟ್ಟನ್ನೊಮ್ಮೆ ನೋಡಿ, ಪಾತ್ರೆಗಳನ್ನು ಎತ್ತಿಕೊಂಡು ಒಳಗೆ ಹೋದರು.

ಮಧ್ಯಾಹ್ನದ ಹೊತ್ತಿಗೆ ದೊಡ್ಡ ಪೆಟ್ಟಿಗೆ ಬಂತು. ಚಿಕ್ಕದರ ಪ್ಲಗ್ಗನ್ನು ಅತ್ತೆಯೇ ಕಿತ್ತರು. ಉದ್ಘಾಟನೆ ಕೇಬಲ್ಲುಗಳನ್ನೆಲ್ಲ ದೊಡ್ಡದಕ್ಕೆ ಜೋಡಿಸಿ, ಬೆವರೊರೆಸಿಕೊಂಡು, ಎರಡು ಹೆಜ್ಜೆ ಹಿಂದೆ ಸರಿದ. "ಮಾವ, ತಮ್ಮ ಕೈಯಿಂದ..."

"ಇಲ್ಲ" ಎಂದರು ಮಾವ. ಕಪ್ಪು ಕನ್ನಡಕದ ಹಿಂದೆ ಏನಿತ್ತೋ ತಿಳಿಯಲಿಲ್ಲ. "ಸಂಜೆ ಇಟ್ಕೊಳ್ಳೋಣ, ಬೀದಿಯವರೂ ಬರ್ಲಿ. ಊರಿಗೆಲ್ಲ ಉದ್ಘಾಟನೆ ಮಾಡಿಸಿದವರಿಗೆ ಯಾರಾದ್ರೂ ಒಂದಿನ ಮರ್ಯಾದೆ ಮಾಡ್ಬೇಡ್ವೇ? ಇವತ್ತಿನ ಪ್ಲಗ್ ನಿಮ್ಮ ಕೈಯಿಂದ್ಲೇ. ನೀವು ಹಾಕಿ ಆರೂ ಕಣ್ಣು ತೆರೆದ್ರೆ ಅಲ್ಲೇ ಬೀಗದ ಕೈ. ನೀವು ಹಾಕ್ದೆ ಹೋದ್ರೆ ಕಿರಿಯವರು ಹಾಕ್ತಾರೆ. ಆಗ ಅಂಗಡೀನೂ ಅವರದೇ."

ತಾನೇ ಕಟ್ಟಿದ ಸಂಪ್ರದಾಯ ತಿರುಗಿ ಬಂದು ಅವನ ಕುತ್ತಿಗೆಗೇ ಹಾರವಾಗಿ ಬಿತ್ತು. ಮನೆಗೆ ಹೋಗಿ ಹೆಂಡತಿಗೆ ಹೇಳಿದ. ಅವಳು ಮಂಚದ ಕೆಳಗಿನ ಸುರುಳಿಗಳನ್ನು ನೋಡಿದಳು, ಸಕ್ಕರೆ ಡಬ್ಬ ನೋಡಿದಳು. "ರೀ, ಒಂದೇ ಒಂದು ಸಲ. ಕಣ್ಮುಚ್ಚಿ ಹಾಕ್ಬಿಡಿ."

"ಕಣ್ಮುಚ್ಚಿದ್ರೆ ತೂತು ಕಾಣಲ್ಲ ಕಣೇ."

"ನಾನು ಪಕ್ಕದಲ್ಲೇ ಇರ್ತೀನಿ."

"ಬೇಡ. ಹೊಡೆದ್ರೆ ಇಬ್ರಿಗೂ ಹೊಡೆಯತ್ತೆ."

ಸಂಜೆ ಅಂಗಡಿ ತುಂಬಿತು. ದರ್ಜಿ ಸೂಜಿ ಚುಚ್ಚಿದ ಕಾಲರಿನಲ್ಲೇ ಬಂದ, ಕ್ಷೌರಿಕ ಅರ್ಧ ಗಡ್ಡದ ಗಿರಾಕಿಯನ್ನೂ ಜೊತೆಗೆ ಕರೆತಂದ. ಅವಳಿ ಅಕ್ಕತಂಗಿಯರು ಮೊದಲು ಒಳಗೆ ಬರುವ ಹಕ್ಕಿಗಾಗಿ ಬಾಗಿಲಲ್ಲಿ ಸಿಕ್ಕಿಕೊಂಡರು. ಮೇಲೆ ಫ್ಯಾನು ತಿರುಗುತ್ತಿತ್ತು. ಪಕ್ಕದ ಅಂಗಡಿಯ ತಂಪು ಪಾನೀಯದ ಫ್ರಿಜ್ಜು ಗೊಣಗುತ್ತಿತ್ತು. ಹೊರಗೆ ಇನ್ನೂ ಬೆಳಕಿದ್ದುದರಿಂದ ಯಾರೂ ದೀಪ ಹಾಕಿರಲಿಲ್ಲ. ಆರಿಸಿಟ್ಟ ಟೀವಿಯ ಮುಂದೆ ಅತ್ತೆ ರಿಮೋಟನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು.

ಉದ್ಘಾಟನೆ ಮಾತ್ರ ಅವಸರ ಮಾಡಲಿಲ್ಲ. ಒಂದು ಕೇಬಲ್ಲಿಗೆ ಪಟ್ಟಿ ಕಟ್ಟಿದ. ಬಿಚ್ಚಿದ. ಮತ್ತೆ ಕಟ್ಟಿದ. ಬಿಗಿಯಾಗಿದ್ದ ಸ್ಕ್ರೂಗಳನ್ನು ಇನ್ನಷ್ಟು ಬಿಗಿ ಮಾಡಿದ. ನೀರು ಕೇಳಿದ. ತಂದುಕೊಟ್ಟ ನೀರನ್ನು ಗುಟುಕು ಗುಟುಕಾಗಿ, ಔಷಧಿಯಂತೆ ಕುಡಿದ.

"ಅಣ್ಣಾ, ಕೈ ನಡುಗ್ತಿದ್ರೆ ನಾನೇ ಹಾಕ್ತೀನಿ ಕೊಡಿ" ಎಂದ ಷಡ್ಡಕ. ಅವನು ಆಗಷ್ಟೇ ಕೈ ತೊಳೆದು ಬಂದಿದ್ದ. ಬೆರಳ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ತಡಿ ತಮ್ಮಾ. ಇಂಥ ಸಮಾರಂಭದಲ್ಲಿ ಎರಡು ಮಾತಿಲ್ದೇ ಹೋದ್ರೆ ಹೇಗೆ? ಮೇಷ್ಟ್ರೇ, ತಾವು ಸ್ವಲ್ಪ ಮಾತಾಡ್ಬೇಕು."

ಸಭೆ ಬೆಚ್ಚಿಬಿತ್ತು. ಮೇಷ್ಟ್ರನ್ನು ಮಾತಾಡಿ ಎಂದು ಯಾರೂ ತಾವಾಗಿ ಕೇಳಿದ ಇತಿಹಾಸವಿರಲಿಲ್ಲ. ಮೇಷ್ಟ್ರು ಕಣ್ಣೊರೆಸಿಕೊಂಡು ಎದ್ದರು. ಸಂಸ್ಕಾರದಿಂದ ಹೊರಟು ಬೆಂಕಿಯ ಆವಿಷ್ಕಾರಕ್ಕೆ ಹೋದರು, ಅಲ್ಲಿಂದ ಚಕ್ರಕ್ಕೆ, ಚಕ್ರದಿಂದ ವೃತ್ತದ ಪರಿಧಿಗೆ. ಅರ್ಧ ಗಡ್ಡದವನು ಬಾಗಿಲ ಕಡೆ ಜರುಗಿದ. ಉದ್ಘಾಟನೆ ಕೈಯಲ್ಲಿ ಪ್ಲಗ್ ಹಿಡಿದು, ಮುಖವನ್ನು ಮೇಲಕ್ಕೆತ್ತಿ, ನೆಟ್ಟ ನೋಟದಿಂದ ನಿಂತಿದ್ದ.

"ಗುರುವನ್ನ ನೆನೀತಿದಾರೆ" ಎಂದು ಪಿಸುಗುಟ್ಟಿದ ದರ್ಜಿ.

ಅವನು ನೋಡುತ್ತಿದ್ದುದು ಫ್ಯಾನನ್ನು. ಮೇಷ್ಟ್ರು ತ್ರಿಕೋನದ ಮೂರನೆಯ ಬಾಹುವನ್ನು ಇನ್ನೇನು ಹಿಡಿಯಬೇಕು, ಫ್ಯಾನಿನ ರೆಕ್ಕೆಗಳು ಒಂದೊಂದಾಗಿ ಬಿಡಿಬಿಡಿಯಾಗಿ ಕಾಣತೊಡಗಿದವು.

"ಸಾಕು ಮೇಷ್ಟ್ರೇ!" ಎಂದು ಗರ್ಜಿಸಿದ ಉದ್ಘಾಟನೆ.

ಮೂರೇ ಹೆಜ್ಜೆ. ಮೊದಲ ಹೆಜ್ಜೆಗೆ ಜನ ದಾರಿ ಬಿಟ್ಟರು, ಎರಡನೆಯದಕ್ಕೆ ಉಸಿರು ಬಿಗಿಹಿಡಿದರು, ಮೂರನೆಯದಕ್ಕೆ ಅವನು ರಣರಂಗದಲ್ಲಿ ಈಟಿ ಎಸೆಯುವವನಂತೆ ತೋಳು ಹಿಂದೆಳೆದು, ಆ ಹಳೆಯ ಸಾಕೆಟ್ಟಿನ ಎರಡು ಕಣ್ಣು ಒಂದು ಬಾಯಿಗೆ ಪ್ಲಗ್ಗನ್ನು ಬುಡದವರೆಗೂ ತುರುಕಿದ. ಕಿಡಿಯಿಲ್ಲ. ಚಟ್ ಎನ್ನಲಿಲ್ಲ. ಸಾಕೆಟ್ಟು ಬಾಲ ಮುದುರಿಕೊಂಡಿತು ಎಂದು ಕ್ಷೌರಿಕ ಆಮೇಲೆ ಬಣ್ಣಿಸಿದ.

ಅತ್ತೆ ರಿಮೋಟ್ ಎತ್ತಿದರು. ಅವನು ಅಂಗೈ ತೋರಿಸಿ ತಡೆದ. "ಈಗ್ಲೇ ಬೇಡ ಅತ್ತೆ. ಪೆಟ್ಟಿಗೆ ಒಬ್ಬೊಬ್ಬರನ್ನೇ ಮಾತಾಡಿಸ್ಬೇಕು. ಎಲ್ರೂ ಸುಮ್ನಿರಿ."

ಸುಮ್ಮನಿದ್ದರು. ಪಕ್ಕದ ಫ್ರಿಜ್ಜೂ ಸುಮ್ಮನಿತ್ತು. ಅದನ್ನು ಗಮನಿಸುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಕೊಂಚ ಹೊತ್ತಿಗೆ ಅದು ಕೆಮ್ಮಿ ಮತ್ತೆ ಗೊಣಗತೊಡಗಿತು. ಪೆಟ್ಟಿಗೆಯ ಮೇಲೆ ಹಸಿರು ಚುಕ್ಕಿಗಳು ಒಂದರ ಹಿಂದೊಂದು ಹುಟ್ಟಿದವು. ಅವನು ಎಣಿಸಿ, "ಈಗ ಒತ್ತಿ ಅತ್ತೆ" ಎಂದ.

ಆರು ಚಿತ್ರ. ಒಂದರಲ್ಲಿ ಇಡೀ ಸಭೆಯೇ ಟೀವಿ ನೋಡುತ್ತಾ ನಿಂತಿತ್ತು. ಹೊರಗೆ ಕತ್ತಲು ಇಳಿಯಿತು. ಹಿತ್ತಿಲಿನ ಚಿತ್ರ ಬಣ್ಣ ಬಿಟ್ಟು ಕಪ್ಪುಬಿಳುಪಾಯಿತು, ಆದರೆ ಮಾಯವಾಗಲಿಲ್ಲ. ಓಣಿ ಉಳಿಯಿತು. ಬಾಗಿಲು ಉಳಿಯಿತು. ಆರೂ ಉಳಿದವು. ಚಪ್ಪಾಳೆಯ ನಡುವೆ ಷಡ್ಡಕ ಅಳತೆಯ ಟೇಪನ್ನು ಮೆಲ್ಲಗೆ ಜೇಬಿಗಿಳಿಸಿದ. ಹೆಂಡತಿ ಗಂಡನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿ, ಸುಟ್ಟಿಲ್ಲವೆಂದು ಖಾತ್ರಿ ಮಾಡಿಕೊಂಡಳು. ಆಮೇಲೆ ತಾಯಿಯನ್ನು ಕೇಳಿದಳು: "ಅಮ್ಮಾ, ಅಂಗಡೀಲಿ ಮಂಚದ ಕೆಳಗಿನದೆಲ್ಲ ಇಡೋಕೆ ಜಾಗ ಇದೆ ತಾನೇ?"

ಜನ ಕರಗಿದ ಮೇಲೆ ಮಾವ ಬೀಗದ ಕೈಯನ್ನು ಅವನ ಅಂಗೈಲಿಟ್ಟು, ಪಕ್ಕದಲ್ಲಿ ಕೂರಿಸಿಕೊಂಡರು.

"ನಿಮ್ಮ ಭಯ ನಂಗೆ ಗೊತ್ತಿಲ್ಲ ಅನ್ಕೊಂಡ್ರಾ? ನಮ್ಮನೆಗೆ ಬಂದ ಮೊದಲ ದಿನ, ಫ್ಯಾನ್ ಹಾಕ್ಕೊಳ್ಳಿ ಅಂದೆ. ಸೆಖೆಯಿಲ್ಲ ಅಂದ್ರಿ. ಮೂಗಿನ ತುದೀಲಿ ಬೆವರು ತೊಟ್ಟಿಕ್ತಿತ್ತು."

ಉದ್ಘಾಟನೆಯ ಮುಖ ಹುಳ್ಳಗಾಯಿತು. ಬೀಗದ ಕೈ ಬಿಸಿಯಾದಂತೆನಿಸಿತು. "ಗೊತ್ತಿದ್ದೂ ಅಂಗಡಿ ಕೊಡ್ತಿದೀರಾ?"

"ಗೊತ್ತಿದ್ದಕ್ಕೇ ಕೊಡ್ತಿರೋದು. ಕಿರಿಯವರು ಒದ್ದೆ ಕೈಲಿ ಪ್ಲಗ್ ಕೇಳ್ತಿದ್ರು, ನನ್ನ ಕಣ್ಣಿಗೂ ಕಾಣ್ತು. ಭಯ ಇರೋರ ಅಂಗಡಿಗೆ ಬೆಂಕಿ ಬೀಳಲ್ಲ. ಸುಮ್ನೆ ಒಂದ್ಸಲ ಆಟ ಆಡಿಸೋಣ ಅಂತ ಅನ್ನಿಸ್ತು, ಅಷ್ಟೆ. ಓಡಿಹೋಗಿದ್ರೂ ಕೊಡ್ತಿದ್ದೆ." ಮಾವ ಕನ್ನಡಕ ತೆಗೆದು, ಮಂಜುಗಣ್ಣಿನಿಂದ ಅವನನ್ನು ಹತ್ತಿರದಿಂದ ನೋಡಿದರು, ದನಿಯಲ್ಲಿ ನಿಜವಾದ ಗೌರವವಿತ್ತು. "ಆದ್ರೆ ನೀವು ಓಡ್ಲಿಲ್ಲ. ಸಿಂಹದ ಹಾಗೆ ನುಗ್ಗಿದ್ರಿ! ಅಷ್ಟು ವರ್ಷದ ಭಯ ಒಂದೇ ಏಟಿಗೆ ಹೇಗೆ ಹೋಯ್ತು ಅಳಿಯಂದ್ರೇ?"

"ಭಯ ಹೋಗಿಲ್ಲ ಮಾವ. ಕರೆಂಟ್ ಹೋಗಿತ್ತು."